ನೋಟಕ್ಕೆ ಕಡಲು, ತಟ್ಟೆಗೆ ತಣ್ಣನೆ ಅನ್ನ

ಹೋಟೆಲು ಉದ್ಯಮದಲ್ಲಿ ಜಾಗದ ಮಹಿಮೆ ಎಷ್ಟೆಂಬುದನ್ನು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಊರು ಬಿಟ್ಟು ಮುಂಬಯಿ, ಪುಣೆ, ಮದರಾಸುಗಳಿಗೆ ಬಂದ ನಮ್ಮ ಹಿರಿಯರು ಮೊದಲು ಹುಡುಕಿದ್ದು ಸ್ಟೇಷನ್ನಿನ ಬಾಗಿಲು, ಬಸ್ ನಿಲ್ದಾಣದ ಮೂಲೆ, ಮಿಲ್ಲಿನ ಗೇಟು. ಜನ ಎಲ್ಲಿ ಹಸಿದು ನಡೆಯುತ್ತಾರೋ ಅಲ್ಲಿ ಒಲೆ ಹೂಡಿದರು. ಈಗ ಜಾಗ ಎಂಬ ಮಾತಿನ ಅರ್ಥವೇ ಬದಲಾಗುತ್ತಿದೆ. ಎತ್ತರದ ಮಹಡಿ, ಗಾಜಿನ ಗೋಡೆ, ಅದರಾಚೆ ಕಡಲೋ ಕೆರೆಯೋ ಗುಡ್ಡವೋ ಕಾಣಬೇಕು. ಒಳಗೆ ಜಪಾನಿನದೋ ಇಟಲಿಯದೋ ಊಟವಿರಬೇಕು. ಅದೇ ಒಳ್ಳೆಯ ಜಾಗ ಎಂಬ ನಂಬಿಕೆ ನಮ್ಮ ಎರಡನೆಯ, ಮೂರನೆಯ ತಲೆಮಾರಿನ ಮಾಲಿಕರಲ್ಲಿ ಬಲವಾಗುತ್ತಿದೆ.

ಹೊಸತನ್ನು ಮಾಡಬಾರದು ಎನ್ನುವವರು ನಾವಲ್ಲ. ಇಡ್ಲಿ ದೋಸೆಯ ಹೋಟೆಲುಗಳಲ್ಲಿ ಪಂಜಾಬಿ, ಚೈನೀಸ್ ತಂದು ಗೆದ್ದವರೂ ನಮ್ಮವರೇ. ಆದರೆ ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಬೆಟ್ಟದ ನೋಟವನ್ನು ಮಾರಲು ಹೊರಟವರಿಗೂ ಅನ್ವಯಿಸುತ್ತದೆ. ಅದಕ್ಕಾಗಿಯೇ ಈ ಲೇಖನ.

ಹೋಗಲು ಕಾರಣ

ಪುಣೆಯಲ್ಲಿ ಹಲವು ದಶಕಗಳಿಂದ ಶುದ್ಧ ಶಾಕಾಹಾರಿ ಹೋಟೆಲು ನಡೆಸುತ್ತಿರುವ ನಮ್ಮ ಸದಸ್ಯರೊಬ್ಬರು ತಮ್ಮ ಮಗನೊಂದಿಗೆ ನಮ್ಮಲ್ಲಿಗೆ ಬಂದಿದ್ದರು. ಮಗ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವರು, ಚುರುಕಿನವರು. ಹೊಸ ಕಟ್ಟಡವೊಂದರ ಮೇಲ್ಮಹಡಿಯನ್ನು ಲೀಸಿಗೆ ಹಿಡಿದು ಜಪಾನಿ ರೆಸ್ಟೋರೆಂಟ್ ತೆರೆಯಬೇಕೆಂಬುದು ಅವರ ಯೋಜನೆ. ಅಲ್ಲಿಂದ ಗುಡ್ಡದ ಸಾಲು ಚೆನ್ನಾಗಿ ಕಾಣುತ್ತದೆಯಂತೆ. ಬಂಡವಾಳಕ್ಕಾಗಿ ತಂದೆಯ ಹಳೆಯ ಹೋಟೆಲನ್ನೇ ಬ್ಯಾಂಕಿಗೆ ಅಡವಿಡಬೇಕಾಗುತ್ತದೆ. ತಂದೆ ಬೇಡ ಎನ್ನಲಾರರು, ಹೂಂ ಎನ್ನಲೂ ಧೈರ್ಯವಿಲ್ಲ. “ನೀವು ನಾಲ್ಕು ಜನ ಅಂಥದ್ದೊಂದು ಕಡೆ ಹೋಗಿ ಊಟ ಮಾಡಿ ಬಂದು ಹೇಳಿ ಮಾರಾಯ್ರೆ” ಎಂದರು. ಮುಂಬಯಿಯ ಇಂಥದೊಂದು ರೆಸ್ಟೋರೆಂಟನ್ನು ಮಾದರಿಯಾಗಿ ಇಟ್ಟುಕೊಂಡೇ ಮಗ ತಮ್ಮ ಯೋಜನೆ ತಯಾರಿಸಿದ್ದರು. ಹಾಗಾಗಿ ಅಲ್ಲಿಗೇ ಹೋದೆವು.

ನಮ್ಮ ನಾಲ್ವರಲ್ಲಿ ಇಬ್ಬರು ಶಾಕಾಹಾರಿ ಹೋಟೆಲಿನವರು, ಒಬ್ಬರು ಮಂಗಳೂರು ಶೈಲಿಯ ಮೀನೂಟದ ಹೋಟೆಲು ನಡೆಸುವವರು, ಇನ್ನೊಬ್ಬರು ಮದುವೆ-ಮುಂಜಿ ಮತ್ತು ಕಂಪೆನಿ ಕ್ಯಾಂಟೀನುಗಳ ಕ್ಯಾಟರಿಂಗ್ ಮಾಡುವವರು. ರೆಸ್ಟೋರೆಂಟಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಒಬ್ಬ ಉದ್ಯಮಿಯ ಹೆಸರು ಕೆಡಿಸುವುದು ನಮ್ಮ ಉದ್ದೇಶವಲ್ಲ. ಸಮುದ್ರಕ್ಕೆ ಮುಖ ಮಾಡಿದ ದೊಡ್ಡ ಹೋಟೆಲೊಂದರ ಮೇಲಂತಸ್ತು ಎಂದರೆ ಸಾಕು.

ಕಿಟಕಿಯಾಚೆ

ಮೊದಲು ಒಳ್ಳೆಯದನ್ನೇ ಹೇಳೋಣ. ನೋಟ ನಿಜಕ್ಕೂ ಸೊಗಸಾಗಿತ್ತು. ಕಳೆದ ಜನವರಿಯ ಒಂದು ಸಂಜೆ ಆರು ಗಂಟೆಗೆ ನಾವು ಕುಳಿತಾಗ ಅರಬ್ಬಿ ಸಮುದ್ರ ತಾಮ್ರದ ಹಂಡೆಯಂತೆ ಹೊಳೆಯುತ್ತಿತ್ತು. ಮೀನುಗಾರರ ದೋಣಿಗಳು ಗೆರೆ ಎಳೆದಂತೆ ದಡಕ್ಕೆ ಬರುತ್ತಿದ್ದವು. ಕರಾವಳಿಯಲ್ಲಿ ಹುಟ್ಟಿ ಕಡಲು ನೋಡುತ್ತಲೇ ಬೆಳೆದ ನಮಗೂ ಹತ್ತು ನಿಮಿಷ ಮಾತು ಹೊರಡಲಿಲ್ಲ.

ಆದರೆ ಗಲ್ಲೆಯ ಮೇಲೆ ಕೂತು ಅಭ್ಯಾಸವಾದ ಕಣ್ಣು ಸುಮ್ಮನಿರುತ್ತದೆಯೇ? ಲೆಕ್ಕ ಹಾಕಿದೆವು. ಒಟ್ಟು 24 ಟೇಬಲು. ಗಾಜಿಗೆ ಹತ್ತಿಕೊಂಡಿದ್ದವು 7. ಉಳಿದ 17 ಟೇಬಲಿನವರಿಗೆ ಕಾಣುತ್ತಿದ್ದುದು ಮುಂದೆ ಕುಳಿತವರ ಬೆನ್ನು. ಅವರಿಗೂ ಊಟದ ಬೆಲೆ ಅಷ್ಟೇ.

ಜನವರಿಯಲ್ಲಿ ಮುಂಬಯಿಯ ಸೂರ್ಯಾಸ್ತ ಸುಮಾರು ಆರೂಕಾಲರಿಂದ ಆರೂವರೆಯೊಳಗೆ. ಏಳು ಗಂಟೆಯ ಹೊತ್ತಿಗೆ ಹೊರಗೆ ಕತ್ತಲೆ, ಒಳಗೆ ದೀಪ. ಅಲ್ಲಿಯವರೆಗೆ ಕಿಟಕಿಯಾಗಿದ್ದ ಗಾಜು ಆಗ ಕನ್ನಡಿಯಾಯಿತು. ಅದರಲ್ಲಿ ಕಂಡದ್ದು ನಮ್ಮ ಮುಖಗಳು ಮತ್ತು ಖಾಲಿ ಟೇಬಲು. ಆರು ಗಂಟೆಗೆ ಆರ್ಡರು ಕೊಟ್ಟ ಊಟದ ಮೊದಲ ತಟ್ಟೆ ಬಂದದ್ದು ಆರೂಮುಕ್ಕಾಲಿಗೆ. ನೋಟ ಮುಗಿದ ಮೇಲೆ ಊಟ ಒಂಟಿಯಾಗಿ ಪರೀಕ್ಷೆಗೆ ನಿಂತಿತು.

ತಟ್ಟೆಯೊಳಗೆ

ಜಪಾನಿ ಅಡಿಗೆ ನಮಗೆ ಪೂರ್ತಿ ಅಪರಿಚಿತವೇನಲ್ಲ. ಅನ್ನ, ಹುಳಿ, ಹುದುಗು ಬರಿಸಿದ ಸೋಯಾ, ಮೀನು, ಎಣ್ಣೆಯಲ್ಲಿ ಕರಿದ ತರಕಾರಿ. ಕರಾವಳಿಯ ಅಡಿಗೆಮನೆ ಗೊತ್ತಿದ್ದವರಿಗೆ ಇದರ ವ್ಯಾಕರಣ ಅರ್ಥವಾಗುತ್ತದೆ. ಹಾಗಾಗಿಯೇ ತಪ್ಪು ಎಲ್ಲಿ ನಡೆಯಿತೆಂಬುದೂ ತಿಳಿಯುತ್ತದೆ.

ಸುಶಿ ಎಂದರೆ ಹಸಿ ಮೀನು ಎಂದು ಬಹಳ ಜನ ತಿಳಿದಿದ್ದಾರೆ. ವಾಸ್ತವವಾಗಿ ಸುಶಿಯ ಜೀವ ಅನ್ನದಲ್ಲಿದೆ. ಗಿಡ್ಡ ಕಾಳಿನ, ಅಂಟುಗುಣವುಳ್ಳ ಅಕ್ಕಿಯ ಅನ್ನಕ್ಕೆ ವಿನಿಗರ್, ಉಪ್ಪು, ಸಕ್ಕರೆ ಬೆರೆಸಿ, ಮೈಯ ಬಿಸಿಯಷ್ಟು ಬೆಚ್ಚಗಿರುವಾಗ ಕೈಯಲ್ಲಿ ಹಗುರವಾಗಿ ಒತ್ತಿ ಕೊಡಬೇಕು. ಬಾಯಿಗಿಟ್ಟರೆ ಕಾಳು ಕಾಳಾಗಿ ಬಿಚ್ಚಿಕೊಳ್ಳಬೇಕು. ನಮ್ಮ ಮುಂದೆ ಬಂದದ್ದು ಫ್ರಿಜ್ಜಿನಿಂದ ನೇರವಾಗಿ ತೆಗೆದ ಅನ್ನ. ಅನ್ನವನ್ನು ಫ್ರಿಜ್ಜಿನಲ್ಲಿಟ್ಟರೆ ಅದರ ಪಿಷ್ಟ ಮತ್ತೆ ಗಟ್ಟಿಯಾಗಿ ಕಾಳು ಬಿರುಸಾಗುತ್ತದೆ. ನಿನ್ನೆಯ ಇಡ್ಲಿಯನ್ನು ಬಿಸಿ ಮಾಡದೆ ತಿಂದವರಿಗೆ ಇದು ಗೊತ್ತು. ಬಹುಶಃ ಮಧ್ಯಾಹ್ನವೇ ಸುತ್ತಿ ಒಳಗಿಟ್ಟ ಸುರುಳಿಗಳು ಅವು. 1,400 ರೂಪಾಯಿಯ ಸೌತೆಕಾಯಿ-ಬೆಣ್ಣೆಹಣ್ಣಿನ ಸುರುಳಿಯಲ್ಲಿ ಸೌತೆಕಾಯಿ ಚೆನ್ನಾಗಿತ್ತು. ಅನ್ನ ಜಗಿಯಲು ಹಲ್ಲಿಗೆ ಕೆಲಸ ಬಿತ್ತು.

ಮೀನಿನ ವಿಷಯವನ್ನು ನಮ್ಮ ಮೀನೂಟದ ಮಿತ್ರರಿಗೆ ಬಿಟ್ಟೆವು. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇವೆ: “ಫ್ರೀಜ್ ಮಾಡಿದ ಮೀನು ಎಂಬುದು ದೋಷ ಅಲ್ಲ. ಹಸಿ ತಿನ್ನುವ ಮೀನನ್ನು ಫ್ರೀಜ್ ಮಾಡಲೇಬೇಕು. ಆದರೆ ಇದನ್ನು ಗಡಿಬಿಡಿಯಲ್ಲಿ ಕರಗಿಸಿದ್ದಾರೆ. ನೀರು ಬಿಟ್ಟಿದೆ ನೋಡಿ.” ಅವರ ಮಾತು ಸರಿ. ಮೀನಿನೊಳಗಿನ ಹುಳುಗಳನ್ನು ಕೊಲ್ಲಲು ಶೂನ್ಯಕ್ಕಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ 7 ದಿನ ಇಡಬೇಕೆಂದು ಅಮೆರಿಕದ ಆಹಾರ ಇಲಾಖೆಯ ಮಾರ್ಗದರ್ಶನವೇ ಇದೆ. ಫ್ರಿಜ್ಜಿನೊಳಗೆ ರಾತ್ರಿಯಿಡೀ ನಿಧಾನವಾಗಿ ಕರಗಿಸಿದರೆ ಮೀನು ತನ್ನ ಗುಣ ಉಳಿಸಿಕೊಳ್ಳುತ್ತದೆ. ಹೊರಗಿಟ್ಟು ಅವಸರ ಮಾಡಿದರೆ ಮೆತ್ತಗಾಗಿ ತಟ್ಟೆಯಲ್ಲಿ ನೀರು ನಿಲ್ಲುತ್ತದೆ. ಸುಶಿಯ ತಟ್ಟೆಗೆ 4,800 ರೂಪಾಯಿ. ಅಂಚಿನಲ್ಲಿ ಕಂದು ತಿರುಗಿದ ಟ್ಯೂನಾ ಮೀನನ್ನು ನಮ್ಮ ಮಿತ್ರರು ಪಕ್ಕಕ್ಕೆ ಸರಿಸಿಟ್ಟರು. ಮೆನು ಕಾರ್ಡಿನಲ್ಲಿ ತಾಜಾ ವಸಾಬಿ ಎಂದು ಅಚ್ಚಾಗಿತ್ತು. ಬಂದದ್ದು ಹಸಿರು ಬಣ್ಣದ ಮುದ್ದೆ. ನಿಜವಾದ ವಸಾಬಿ ಗಡ್ಡೆ ಬಹಳ ದುಬಾರಿಯಾದ್ದರಿಂದ ಲೋಕದ ಹೆಚ್ಚಿನ ಕಡೆ ಹಾರ್ಸ್‌ರ್‍ಯಾಡಿಶ್ ಎಂಬ ಬೇರೊಂದು ಬೇರು, ಸಾಸಿವೆ, ಹಸಿರು ಬಣ್ಣ ಸೇರಿಸಿ ಬಳಸುತ್ತಾರೆ. ಬಳಸಲಿ. ಆದರೆ ತಾಜಾ ಎಂದು ಬರೆಯಬಾರದು.

ಟೆಂಪುರಾ ನಮ್ಮ ಬಜೆಯ ದೂರದ ನೆಂಟ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಜಪಾನಿಗೆ ತಂದ ಕರಿಯುವ ವಿಧಾನದಿಂದ ಬೆಳೆದದ್ದು. ಹಿಟ್ಟನ್ನು ಮಂಜಿನಷ್ಟು ತಣ್ಣಗಿನ ನೀರಿನಲ್ಲಿ ಕಲಸಬೇಕು, ಹೆಚ್ಚು ತಿರುವಬಾರದು, ಗಂಟು ಉಳಿದರೂ ಚಿಂತೆಯಿಲ್ಲ. ಎಣ್ಣೆ ಸುಮಾರು 170ರಿಂದ 180 ಡಿಗ್ರಿ ಕಾದಿರಬೇಕು. ಎಲ್ಲಕ್ಕಿಂತ ಮುಖ್ಯ, ಬಾಣಲೆಯಿಂದ ತೆಗೆದ ನಿಮಿಷದೊಳಗೆ ಗಿರಾಕಿಯ ಬಾಯಿಗೆ ಹೋಗಬೇಕು. ಗೋಳಿಬಜೆಗೂ ಇದೇ ಶಾಸ್ತ್ರ. ನಮಗೆ ಬಂದ ಟೆಂಪುರಾ ಮಳೆಗೆ ನೆನೆದ ಹಪ್ಪಳದಂತಿತ್ತು.

ಕಾರಣ ಸ್ವಲ್ಪ ಹೊತ್ತಿನಲ್ಲಿ ತಿಳಿಯಿತು. ನಮ್ಮ ಮಾತು ಕೇಳಿ ಊರ ಕಡೆಯ ಕ್ಯಾಪ್ಟನ್ ಒಬ್ಬರು ಹತ್ತಿರ ಬಂದರು. “ನೀವು ನಮ್ಮ ಕಡೆಯವರಾ ಅಣ್ಣ?” ಎಂದು ವಿಚಾರಿಸಿದರು. ಮಾತಿಗೆ ಮಾತು ಬೆಳೆದಾಗ ಗೊತ್ತಾಯಿತು, ಈ ಮಹಡಿಯಲ್ಲಿ ಗಾಜಿನ ಬದಿಯ ಜಾಗವನ್ನೆಲ್ಲ ಟೇಬಲಿಗೆ ಕೊಟ್ಟದ್ದರಿಂದ ಕರಿಯುವ ಒಲೆ ಇರುವುದು ಎರಡು ಮಹಡಿ ಕೆಳಗೆ. ತಟ್ಟೆ ಮುಚ್ಚಿಕೊಂಡು ಸರ್ವಿಸ್ ಲಿಫ್ಟಿನಲ್ಲಿ ಬರುತ್ತದೆ. ಮುಚ್ಚಿದ ತಟ್ಟೆಯೊಳಗೆ ಹಬೆ ಕಟ್ಟಿಕೊಂಡು ಗರಿ ಹೋಗುವುದು ಸಹಜ. ಅಡಿಗೆ ಭಟ್ಟರ ಕೈಯಲ್ಲಿ ದೋಷವಿರಲಿಲ್ಲ. ನೋಟವೇ ಅಡಿಗೆಮನೆಯನ್ನು ಕೆಳಗೆ ತಳ್ಳಿತ್ತು.

ಇನ್ನೊಂದು ಮಾತು. ಮಿಸೋ ಹಚ್ಚಿ ಸುಟ್ಟ ಬ್ಲ್ಯಾಕ್ ಕಾಡ್ ಮೀನು ಬಹಳ ಚೆನ್ನಾಗಿತ್ತು ಎಂದು ಅದನ್ನು ತಿಂದ ಇಬ್ಬರೂ ಒಪ್ಪಿದರು. ಆ ಅಡಿಗೆಮನೆಗೆ ಕೆಲಸ ಗೊತ್ತಿಲ್ಲದೆ ಇಲ್ಲ. ಗೊತ್ತಿದ್ದೂ ಉಳಿದದ್ದನ್ನು ಹೀಗೆ ಕೊಟ್ಟರಲ್ಲ ಎಂಬುದೇ ಬೇಸರ. ಹಸಿರು ಚಹಾ ಕೂಡ ಕುದಿಯುವ ನೀರು ಹೊಯ್ದು ಕಹಿಯಾಗಿತ್ತು. ಆ ಸೊಪ್ಪಿಗೆ 70-80 ಡಿಗ್ರಿಯ ನೀರು ಸಾಕು. ಡಿಕಾಕ್ಷನ್ ಹದ ತಪ್ಪಿದರೆ ಕಾಫಿ ವಾಪಸು ಮಾಡುವ ಗಿರಾಕಿಗಳನ್ನು ಕಂಡ ನಮಗೆ 450 ರೂಪಾಯಿಯ ಕಹಿ ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಸೂಪಿನ ಪ್ರಸಂಗ

ಇವೆಲ್ಲ ರುಚಿಯ ವಿಷಯ. ರುಚಿಗಿಂತ ದೊಡ್ಡ ವಿಷಯವೊಂದು ನಡೆಯಿತು. ಮಿಸೋ ಸೂಪು ಮೆನು ಕಾರ್ಡಿನಲ್ಲಿ ಶಾಕಾಹಾರದ ಪಟ್ಟಿಯಲ್ಲಿತ್ತು. ನಮ್ಮ ಇಬ್ಬರು ಶಾಕಾಹಾರಿ ಮಿತ್ರರು ಚಮಚ ಎತ್ತುವ ಮೊದಲು ಸಪ್ಲೈಯರ್ ಹುಡುಗನನ್ನು ಕೇಳಿದರು. ಅವನು ಹೌದು ಸಾರ್, ವೆಜ್ ಎಂದ. ಮತ್ತೊಮ್ಮೆ ಕೇಳಿದಾಗ ಒಳಗೆ ಹೋಗಿ ಬಂದು, “ಮೀನಿನ ತುಂಡು ಇಲ್ಲ ಸಾರ್, ಮೀನಿನ ಪುಡಿ ಹಾಕಿ ಕುದಿಸಿದ ನೀರು ಅಷ್ಟೆ” ಎಂದ.

ಜಪಾನಿ ಅಡಿಗೆಯಲ್ಲಿ ದಾಶಿ ಎಂಬ ಸಾರು ಎಲ್ಲದಕ್ಕೂ ಬುನಾದಿ. ಸಾಮಾನ್ಯವಾಗಿ ಅದನ್ನು ಕೊಂಬು ಎಂಬ ಕಡಲ ಸಸ್ಯ ಮತ್ತು ಒಣಗಿಸಿ ಹೊಗೆಯಾಡಿಸಿ ಹೆರೆದ ಟ್ಯೂನಾ ಜಾತಿಯ ಮೀನಿನ ಚೂರುಗಳಿಂದ ತಯಾರಿಸುತ್ತಾರೆ. ಸೂಪಿನಲ್ಲಿ ಮಾತ್ರವಲ್ಲ, ಅದ್ದಿಕೊಳ್ಳುವ ರಸದಲ್ಲಿ, ಬೇಯಿಸಿದ ತರಕಾರಿಯಲ್ಲಿ ಕೂಡ ಅದು ಸೇರಿರುತ್ತದೆ. ಮೀನಿಲ್ಲದೆ ಮಾಡಲಾಗದೇ? ಖಂಡಿತ ಆಗುತ್ತದೆ. ಜಪಾನಿನ ಬೌದ್ಧ ಮಠಗಳಲ್ಲಿ ಶೋಜಿನ್ ರ್‍ಯೋರಿ ಎಂಬ ಶಾಕಾಹಾರಿ ಪದ್ಧತಿ ಶತಮಾನಗಳಿಂದ ಇದೆ. ಅಲ್ಲಿ ಕೊಂಬು ಮತ್ತು ಒಣ ಅಣಬೆಯಿಂದಲೇ ದಾಶಿ ಮಾಡುತ್ತಾರೆ. ರುಚಿಗೂ ಕೊರತೆಯಿಲ್ಲ. ಉಮಾಮಿ ಎಂಬ ಐದನೆಯ ರುಚಿಯ ಮೂಲವನ್ನು 1908ರಲ್ಲಿ ಕಿಕುನಾಯೆ ಇಕೇದಾ ಎಂಬ ವಿಜ್ಞಾನಿ ಗುರುತಿಸಿದ್ದೇ ಕೊಂಬುವಿನ ದಾಶಿಯಲ್ಲಿ. ಅಂದರೆ ಎರಡನೆಯ ಪಾತ್ರೆಯೊಂದನ್ನು ಒಲೆಯ ಮೇಲಿಡುವ ಶ್ರಮ ಮಾತ್ರ ಬೇಕಾಗಿತ್ತು.

ತರಕಾರಿ ಟೆಂಪುರಾ ಕರಿದದ್ದು ಸಿಗಡಿ ಕರಿದ ಎಣ್ಣೆಯಲ್ಲಿಯೇ ಎಂದೂ ಆಮೇಲೆ ತಿಳಿಯಿತು. ಶಾಕಾಹಾರಿ ಮಿತ್ರರು ಅದನ್ನು ಮುಟ್ಟಲಿಲ್ಲ. ಹುಡುಗನ ಮೇಲೆ ನಮಗೆ ಸಿಟ್ಟಿಲ್ಲ. ಅವನು ಕೊನೆಗೂ ನಿಜ ಹೇಳಿದ. ಅವನಿಗೆ ಮೊದಲೇ ಹೇಳಿಕೊಡದವರು ಯಾರು, ಸೂಪನ್ನು ಆ ಪಟ್ಟಿಗೆ ಸೇರಿಸಿದವರು ಯಾರು ಎಂಬುದೇ ಪ್ರಶ್ನೆ. ಗಿರಾಕಿ ನಮ್ಮ ಒಳಗೆ ಬಂದು ಪಾತ್ರೆ ಇಣುಕುವುದಿಲ್ಲ. ನಮ್ಮ ಮಾತು ನಂಬಿ ಬಾಯಿಗಿಡುತ್ತಾನೆ. ಉಡುಪಿ ಹೋಟೆಲು ಎಂಬ ಎರಡು ಶಬ್ದಕ್ಕೆ ದೇಶದಲ್ಲೆಲ್ಲ ಬೆಲೆ ಬಂದದ್ದು ಆ ನಂಬಿಕೆಯಿಂದ. ಅಂಥ ಮನೆತನದ ಮಗ ಜಪಾನಿ ಹೋಟೆಲು ತೆರೆದರೂ ಗಿರಾಕಿ ಆ ನಂಬಿಕೆಯನ್ನೇ ಹೊತ್ತು ಬರುತ್ತಾನೆ.

ಎರಡನೆಯ ಸಲ

ಒಂದೇ ಊಟದಿಂದ ತೀರ್ಪು ಕೊಡಬಾರದು. ನಮ್ಮ ಹೋಟೆಲುಗಳಲ್ಲೂ ಭಟ್ಟರು ರಜೆ ಹಾಕಿದ ದಿನ, ನೀರು ಬಾರದ ದಿನ ಇರುತ್ತದೆ. ಆದ್ದರಿಂದ ಹದಿನೈದು ದಿನ ಬಿಟ್ಟು ಇಬ್ಬರು ಮಧ್ಯಾಹ್ನದ ಊಟಕ್ಕೆ ಹೋದರು. ತಲಾ 3,200 ರೂಪಾಯಿಯ ಸೆಟ್ ಊಟ. ಅನ್ನ ಬಿಸಿಯಿತ್ತು, ಅದೊಂದು ಸುಧಾರಣೆ. ಸೂಪು ಉಗುರುಬೆಚ್ಚಗೆ. ಕರಿದದ್ದು ಮತ್ತೆ ಮೆತ್ತಗೆ. ಇನ್ನು ನೋಟ? ಪಶ್ಚಿಮಕ್ಕೆ ಮುಖವಾದ ಗಾಜು. ಒಂದೂವರೆ ಗಂಟೆಯ ಬಿಸಿಲು ನೇರ ಟೇಬಲಿಗೆ ಹೊಡೆಯುತ್ತಿದ್ದುದರಿಂದ ಪರದೆಗಳನ್ನು ಪೂರ್ತಿ ಇಳಿಸಿದ್ದರು. ಕಡಲು ಕಾಣಿಸಲೇ ಇಲ್ಲ. ಇಪ್ಪತ್ತನಾಲ್ಕು ಟೇಬಲಿನಲ್ಲಿ ಜನ ಇದ್ದದ್ದು ಐದರಲ್ಲಿ.

ಬಿಲ್ಲು

ಮೊದಲ ಸಂಜೆಯ ಬಿಲ್ಲು 20,400 ರೂಪಾಯಿ. ಅದರ ಮೇಲೆ ಶೇಕಡಾ 10 ಸರ್ವಿಸ್ ಚಾರ್ಜು, ಎರಡೂ ಸೇರಿದ ಮೊತ್ತಕ್ಕೆ ಶೇಕಡಾ 18 ಜಿಎಸ್‌ಟಿ. ಮುಟ್ಟದೆ ವಾಪಸು ಕಳಿಸಿದ ಎರಡು ಸೂಪು ಕೂಡ ಸೇರಿತ್ತು. ಕೇಳಿದ ಮೇಲೆ ಸೂಪಿನ 1,300 ರೂಪಾಯಿ ತೆಗೆದರು. ಸರ್ವಿಸ್ ಚಾರ್ಜು ತೆಗೆಯಲು ಮ್ಯಾನೇಜರು ಹತ್ತು ನಿಮಿಷ ಯೋಚಿಸಿದರು. ಗಿರಾಕಿಯ ಮೇಲೆ ಅದನ್ನು ಕಡ್ಡಾಯವಾಗಿ ಹೇರಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿತ್ತು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ನಮ್ಮ ಸದಸ್ಯರೂ ಇದನ್ನು ನೆನಪಿಡುವುದು ಒಳ್ಳೆಯದು. ಕೊನೆಗೆ 19,100 ರೂಪಾಯಿಗೆ 3,438 ರೂಪಾಯಿ ತೆರಿಗೆ ಸೇರಿ 22,538 ಕೊಟ್ಟೆವು. ಎರಡನೆಯ ಸಲ 7,552. ಎರಡೂ ಸೇರಿ 30,090 ರೂಪಾಯಿ, ನಮ್ಮ ನಮ್ಮ ಕಿಸೆಯಿಂದ.

ಬೆಲೆ ಹೆಚ್ಚು ಎಂಬ ಒಂದೇ ಕಾರಣಕ್ಕೆ ನಾವು ದೂರುವುದಿಲ್ಲ. ಹೊರದೇಶದ ಮೀನು ವಿಮಾನದಲ್ಲಿ ಬರಬೇಕು, ಅಕ್ಕಿ ವಿನಿಗರ್ ಆಮದಾಗಬೇಕು, ಕಲಿತ ಬಾಣಸಿಗನ ಸಂಬಳ ದೊಡ್ಡದು. ಇದನ್ನು ನಾವೇ ಅರ್ಥ ಮಾಡಿಕೊಳ್ಳದಿದ್ದರೆ ಇನ್ನಾರು ಮಾಡಿಕೊಂಡಾರು? ಆದರೆ ಕೆಟ್ಟದ್ದೆಲ್ಲ ಅಗ್ಗದ ವಸ್ತುವೇ ಎಂಬುದನ್ನು ಗಮನಿಸಿ. ಅನ್ನದ ಬಿಸಿ, ಎಣ್ಣೆಯಿಂದ ಟೇಬಲಿಗಿರುವ ದೂರ, ಚಹಾದ ನೀರು, ಸೂಪಿಗೆ ಇನ್ನೊಂದು ಪಾತ್ರೆ, ಹುಡುಗನಿಗೆ ಅರ್ಧ ಗಂಟೆಯ ಪಾಠ. ಇವು ಹಣದಿಂದ ಬರುವಂಥವಲ್ಲ, ಮಾಲಿಕನ ಕಣ್ಣಿನಿಂದ ಬರುವಂಥವು.

ಒಂದು ಗಂಟೆಯ ಬಾಡಿಗೆ

ಈಗ ಪುಣೆಯ ಯೋಜನೆಗೆ ಬರೋಣ. ಯುವಕರು ತೋರಿಸಿದ ಅಂಕಿಗಳಂತೆ, ಅದೇ ಅಳತೆಯ ಜಾಗ ಕೆಳಗಿನ ಒಳರಸ್ತೆಯಲ್ಲಿ ತಿಂಗಳಿಗೆ 4 ಲಕ್ಷಕ್ಕೆ ಸಿಗುತ್ತದೆ, ಮೇಲ್ಮಹಡಿಯಲ್ಲಿ 7 ಲಕ್ಷ. ನೋಟಕ್ಕೆ ಕೊಡುವ ಹೆಚ್ಚುವರಿ ಬಾಡಿಗೆ ತಿಂಗಳಿಗೆ 3 ಲಕ್ಷ, ವರ್ಷಕ್ಕೆ 36 ಲಕ್ಷ. ನಕಾಶೆಯಲ್ಲಿ 22 ಟೇಬಲು, ಅದರಲ್ಲಿ ಕಿಟಕಿಯ ಬದಿಗೆ 6.

ಮಳೆಗಾಲದ ನಾಲ್ಕು ತಿಂಗಳು ಗುಡ್ಡದ ಮೇಲೆ ಮೋಡ, ಗಾಜಿನ ಮೇಲೆ ನೀರು. ಉಳಿದದ್ದು ಎಂಟು ತಿಂಗಳು, ಸುಮಾರು 240 ಸಂಜೆ. ಪ್ರತಿ ಸಂಜೆ ನೋಟ ಮಾರಾಟವಾಗುವುದು ಹೆಚ್ಚೆಂದರೆ ಒಂದು ಗಂಟೆ, ಒಂದೇ ಸರದಿ. ಏಕೆಂದರೆ ಕಿಟಕಿಯ ಬಳಿ ಕುಳಿತವರು ಬೇಗ ಏಳುವುದಿಲ್ಲ, ಆ ಟೇಬಲು ತಿರುಗುವುದಿಲ್ಲ. 6 ಟೇಬಲಿಗೆ 240 ಸಂಜೆಯಂತೆ ವರ್ಷಕ್ಕೆ 1,440 ಸರದಿ. 36 ಲಕ್ಷವನ್ನು ಇದಕ್ಕೆ ಭಾಗಿಸಿದರೆ ಒಂದು ಸರದಿಗೆ 2,500 ರೂಪಾಯಿ. ಗಿರಾಕಿ ಒಂದು ತುತ್ತು ತಿನ್ನುವ ಮೊದಲೇ ಸೂರ್ಯನ ಲೆಕ್ಕಕ್ಕೆ 2,500 ಬರೆದಿಟ್ಟಂತಾಯಿತು. ಹಗಲು ಹೊತ್ತು, ಮಳೆಗಾಲ, ಕತ್ತಲೆಯಾದ ಮೇಲಿನ ರಾತ್ರಿ, ಒಳಗಿನ 16 ಟೇಬಲು, ಇವೆಲ್ಲವನ್ನೂ ಊಟವೇ ಹೊರಬೇಕು. ಹಾಗಾದರೆ ಊಟಕ್ಕೆ ಉಳಿಯುವ ಹಣವೆಷ್ಟು? ಯೋಜನೆಯಲ್ಲಿ ಕರಿಯುವ ಒಲೆಯನ್ನು ಕೆಳಮಹಡಿಗೆ ಹಾಕಿದ್ದರು. ಸುಶಿಯ ಸುರುಳಿಗಳನ್ನು ಬೆಳಿಗ್ಗೆಯೇ ಸುತ್ತಿಡುವುದೆಂದು ಬರೆದಿದ್ದರು. ನಾವು 30,090 ರೂಪಾಯಿ ಕೊಟ್ಟು ಕಂಡ ಎರಡು ದೋಷಗಳು ಕಾಗದದ ಮೇಲೆ ಆಗಲೇ ತಯಾರಾಗಿದ್ದವು.

ಸುಂದರ ನೋಟಕ್ಕೆಂದು ಗಿರಾಕಿ ಒಮ್ಮೆ ಬರುತ್ತಾನೆ, ಹುಟ್ಟುಹಬ್ಬಕ್ಕೆ, ಮದುವೆಯ ದಿನಕ್ಕೆ. ಫೋಟೋ ತೆಗೆದು ಹೋಗುತ್ತಾನೆ. ಅವನನ್ನು ಮುಂದಿನ ತಿಂಗಳು ಮತ್ತೆ ಕರೆತರುವ ಕೆಲಸ ಕಡಲಿನಿಂದ ಆಗುವುದಿಲ್ಲ.

ನೆಲಮಾಳಿಗೆಯ ಹತ್ತು ಕುರ್ಚಿ

ಜಪಾನಿನವರು ತಮ್ಮ ಊಟವನ್ನು ಹೇಗೆ ಬೆಳೆಸಿದರು ಎಂದು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಇಂದಿನ ರೀತಿಯ ಕೈಯಲ್ಲಿ ಒತ್ತಿದ ಸುಶಿ ಹುಟ್ಟಿದ್ದು ಅರಮನೆಯಲ್ಲಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ, ಆಗ ಎಡೊ ಎನ್ನುತ್ತಿದ್ದ ಟೋಕಿಯೊದ ಬೀದಿ ಗಾಡಿಗಳಲ್ಲಿ. ಕೆಲಸಕ್ಕೆ ಹೋಗುವವರು ನಿಂತೇ ತಿಂದು ಹೊರಡುತ್ತಿದ್ದ ತಿಂಡಿ ಅದು. ಟೆಂಪುರಾ ಕೂಡ ಹಾಗೆಯೇ ಗಾಡಿಯ ತಿಂಡಿಯಾಗಿತ್ತು. 1958ರಲ್ಲಿ ಒಸಾಕಾದ ಯೋಶಿಯಾಕಿ ಶಿರಾಯಿಶಿ ಎಂಬ ಹೋಟೆಲಿನವರು ಬಿಯರ್ ಕಾರ್ಖಾನೆಯ ಬಾಟಲಿಗಳು ಪಟ್ಟಿಯ ಮೇಲೆ ಸಾಗುವುದನ್ನು ಕಂಡು, ಸುಶಿಯ ತಟ್ಟೆಗಳು ಗಿರಾಕಿಯ ಮುಂದೆ ತಾವೇ ಸಾಗಿ ಬರುವ ಹೋಟೆಲು ತೆರೆದರು. ಕಡಿಮೆ ಮಾಣಿಗಳು, ಕಡಿಮೆ ಬೆಲೆ, ಬೇಗ ತಿರುಗುವ ಕುರ್ಚಿ. ನಮ್ಮ ಸ್ವಯಂಸೇವೆಯ ದರ್ಶಿನಿಗಳನ್ನು ಕಂಡವರಿಗೆ ಈ ಬುದ್ಧಿ ಪರಕೀಯವೆನಿಸದು.

ಇನ್ನು ದುಬಾರಿ ಸುಶಿಯ ಮಾತು. ಟೋಕಿಯೊದ ಗಿಂಜಾ ಭಾಗದಲ್ಲಿ 1925ರಲ್ಲಿ ಹುಟ್ಟಿದ ಜಿರೋ ಓನೋ ಅವರು ಕಟ್ಟಿದ ಸುಕಿಯಾಬಾಶಿ ಜಿರೋ ಎಂಬ ಅಂಗಡಿಯಿದೆ. ಕಚೇರಿ ಕಟ್ಟಡದ ನೆಲಮಾಳಿಗೆ, ಪಕ್ಕದಲ್ಲಿ ಮೆಟ್ರೋ ಸ್ಟೇಷನ್, ಹತ್ತೇ ಕುರ್ಚಿ. ಕಿಟಕಿಯ ಮಾತೇ ಇಲ್ಲ. 2007ರಲ್ಲಿ ಮಿಶೆಲಿನ್ ಕೈಪಿಡಿ ಮೊದಲ ಬಾರಿ ಟೋಕಿಯೊಗೆ ಬಂದಾಗ ಅದಕ್ಕೆ ಮೂರು ನಕ್ಷತ್ರ ಸಿಕ್ಕಿತು. 2014ರ ಏಪ್ರಿಲಿನಲ್ಲಿ ಅಮೆರಿಕದ ಆಗಿನ ಅಧ್ಯಕ್ಷ ಒಬಾಮ ಅಲ್ಲಿ ಊಟ ಮಾಡಿದರು. ಸಾರ್ವಜನಿಕರಿಗೆ ನೇರವಾಗಿ ಬುಕಿಂಗ್ ಸಿಗುವುದಿಲ್ಲವೆಂದು 2019ರಲ್ಲಿ ಕೈಪಿಡಿಯವರು ಹೆಸರು ಕೈಬಿಟ್ಟರು. ಊಟ ಕೆಟ್ಟಿತು ಎಂದಲ್ಲ. ಅಲ್ಲಿ ಗಿರಾಕಿ ನೋಡುವುದು ಒಂದನ್ನೇ: ಎದುರಿಗೆ ನಿಂತ ಬಾಣಸಿಗನ ಕೈ.

ನಮ್ಮಲ್ಲೂ ಇದಕ್ಕೆ ಸಾಟಿಯಿದೆ. ಮಾಟುಂಗಾ ಸ್ಟೇಷನ್ನಿನ ಪಕ್ಕ 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಎಲೆಯ ಊಟಕ್ಕೆ ಸಾಲಿನಲ್ಲಿ ಕಾಯುವವರು ಕಿಟಕಿಯಾಚೆ ನೋಡಲು ಬರುವವರಲ್ಲ. ಬೆಂಗಳೂರಿನ ಎಂಟಿಆರ್ ಶುರುವಾದದ್ದು 1924ರಲ್ಲಿ. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿನ ಹೋಟೆಲುಗಳನ್ನು ಕಂಡು ಬಂದು ಶುಚಿತ್ವದ ಶಿಸ್ತನ್ನು ತಂದರು. ಅಲ್ಲಿ ಗಿರಾಕಿಗಳು ಅಡಿಗೆಮನೆಯನ್ನು ಕಣ್ಣಾರೆ ನೋಡಬಹುದಾಗಿತ್ತು. ಹೋಟೆಲಿನವನು ತೋರಿಸಬಹುದಾದ ನೋಟಗಳಲ್ಲಿ ಅದಕ್ಕಿಂತ ಬೆಲೆಯುಳ್ಳದ್ದು ನಮಗೆ ಗೊತ್ತಿಲ್ಲ. ಅದಕ್ಕೆ ಮಳೆಗಾಲದಲ್ಲಿ ಮೋಡ ಮುಸುಕುವುದಿಲ್ಲ, ಏಳು ಗಂಟೆಗೆ ಕತ್ತಲಾಗುವುದಿಲ್ಲ.

ಯುವ ಸದಸ್ಯರಿಗೆ

ಪುಣೆಯ ತಂದೆ-ಮಗನಿಗೆ ನಾವು ಹೇಳಿದ್ದನ್ನೇ ಇಲ್ಲಿ ಎಲ್ಲರಿಗಾಗಿ ಬರೆಯುತ್ತೇವೆ.

ಲೀಸಿಗೆ ಸಹಿ ಹಾಕುವ ಮುನ್ನ ಆ ಜಾಗಕ್ಕೆ ನಾಲ್ಕು ಸಲ ಹೋಗಿ: ಮಧ್ಯಾಹ್ನದ ಬಿಸಿಲಲ್ಲಿ, ಸಂಜೆ, ರಾತ್ರಿ ಎಂಟಕ್ಕೆ, ಮತ್ತು ಸಾಧ್ಯವಾದರೆ ಜುಲೈ ತಿಂಗಳಲ್ಲಿ.

ನಕಾಶೆಯಲ್ಲಿ ಮೊದಲು ಅಡಿಗೆಮನೆಯನ್ನು ಗುರುತಿಸಿ, ಆಮೇಲೆ ಟೇಬಲು. ಕರಿಯುವ ಒಲೆ ಮತ್ತು ಕೊನೆಯ ಟೇಬಲಿನ ನಡುವೆ ಲಿಫ್ಟು ಬರುವುದಾದರೆ ಕರಿದ ಪದಾರ್ಥವನ್ನು ಮೆನುವಿನಿಂದಲೇ ತೆಗೆಯಿರಿ.

ಮೆನು ಚಿಕ್ಕದಿರಲಿ. ಹತ್ತು ಪದಾರ್ಥ ಚೆನ್ನಾಗಿ ಮಾಡಿದರೆ ಸಾಕು. ಅನ್ನ ಸರಿಯಿಲ್ಲದಿದ್ದರೆ ನಲವತ್ತು ಬಗೆಯ ಸುರುಳಿ ಇದ್ದು ಫಲವಿಲ್ಲ.

ಶಾಕಾಹಾರಕ್ಕೆ ಬೇರೆ ದಾಶಿ, ಬೇರೆ ಎಣ್ಣೆ, ಬೇರೆ ಚಾಕು. ಸಪ್ಲೈಯರ್ ಹುಡುಗರಿಗೆ ಪ್ರತಿಯೊಂದು ಪದಾರ್ಥದಲ್ಲಿ ಏನಿದೆ ಎಂದು ಬಾಯಿಪಾಠ ಇರಬೇಕು. ಗೊತ್ತಿಲ್ಲದಿದ್ದರೆ ಒಳಗೆ ಕೇಳಿ ಬಂದು ಹೇಳುವುದನ್ನು ಕಲಿಸಿ. ಸುಮ್ಮನೆ ಹೌದು ಎನ್ನಲು ಬಿಡಬೇಡಿ.

ಕಿಟಕಿಯ ಟೇಬಲಿಗೆ ಬೇಕಿದ್ದರೆ ಬೇರೆ ದರ ಇಡಿ, ಅದನ್ನು ಬಾಗಿಲಲ್ಲೇ ಹೇಳಿ. ಬೆನ್ನು ನೋಡುತ್ತಾ ಕುಳಿತವನಿಂದ ಕಡಲಿನ ಬೆಲೆ ವಸೂಲು ಮಾಡಬೇಡಿ.

ಕೊನೆಯದಾಗಿ, ನಡೆಯುತ್ತಿರುವ ಹೋಟೆಲನ್ನು ಅಡವಿಡುವ ಮೊದಲು ಆ ಹಳೆಯ ಹೋಟೆಲಿನ ಒಂದು ಮೂಲೆಯಲ್ಲಿಯೇ ಎಂಟು ಕುರ್ಚಿ ಹಾಕಿ, ವಾರದಲ್ಲಿ ಮೂರು ಸಂಜೆ ಶಾಕಾಹಾರಿ ಜಪಾನಿ ಊಟ ಕೊಟ್ಟು ನೋಡಿ. ನೋಟವಿಲ್ಲದ ಜಾಗದಲ್ಲಿ ಗಿರಾಕಿ ಎರಡನೆಯ ಸಲ ಬಂದರೆ ಮಹಡಿ ಹತ್ತಬಹುದು.

ಈ ಮಾತಿಗೆ ಮಗ ಮೊದಲು ಮುಖ ಸಣ್ಣ ಮಾಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಶೋಜಿನ್ ಅಡಿಗೆಯ ಬಗ್ಗೆ ಒಂದು ಗಂಟೆ ನಮ್ಮೊಡನೆ ಮಾತನಾಡಿದರು. ಇದನ್ನು ಬರೆಯುವ ಹೊತ್ತಿಗೆ ಲೀಸಿಗೆ ಸಹಿ ಬಿದ್ದಿಲ್ಲ, ಬೇಡ ಎಂದೂ ತೀರ್ಮಾನವಾಗಿಲ್ಲ. ಕಟ್ಟಡದ ಮಾಲಿಕರು ತಿಂಗಳ ಕೊನೆಯವರೆಗೆ ಗಡುವು ಕೊಟ್ಟಿದ್ದಾರಂತೆ.

ಮೇಲ್ಮಹಡಿಯ ಹೋಟೆಲುಗಳನ್ನು ನಡೆಸಿದ ಅಥವಾ ನಡೆಸಿ ಮುಚ್ಚಿದ ಅನುಭವವುಳ್ಳ ಸದಸ್ಯರು ಬೆಂಗಳೂರು, ಹೈದರಾಬಾದ್, ಚೆನ್ನೈ, ದೆಹಲಿಗಳಲ್ಲಿ ಇದ್ದಾರೆ. ಬಾಡಿಗೆ, ಮಳೆಗಾಲದ ವ್ಯಾಪಾರ, ಟೇಬಲು ತಿರುಗುವ ಲೆಕ್ಕ ಇವುಗಳ ಬಗ್ಗೆ ನಾಲ್ಕು ಸಾಲು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಹೆಸರು ಬೇಡವೆಂದರೆ ಹೆಸರಿಲ್ಲದೆಯೇ ಹಾಕುತ್ತೇವೆ. ಗಡುವು ಮುಗಿಯುವ ಮೊದಲು ಬಂದರೆ ಪುಣೆಯ ಆ ಮನೆಯವರಿಗೂ ತಲುಪಿಸುತ್ತೇವೆ.